ಪೆನ್ನಿ ಅಕ್ಕನ ಕೋಳಿ ಆಡಿದ ಮಾತು

ಓರೆಸ್ಟ್ ಹಾವ್ರಿಲುಕ್‌ಗೆ ಒಂದು ಹುಚ್ಚು. ಇನ್ನೂ ಶಾಲೆಗೆ ಹೋಗದ ಪುಟಾಣಿಗಳಿಗಾಗಿ ಟಿವಿಯಲ್ಲಿ ಬರುತ್ತಿದ್ದ ಕಾರ್ಯಕ್ರಮಗಳ ಹಳೆಯ ಕ್ಯಾಸೆಟ್ ಎಲ್ಲಿ ಸಿಕ್ಕರೂ ತರುವುದು. ಮೊದಲಿನ ಜಾಹೀರಾತು, ಕಂಪನಿಯ ಗುರುತು, ಕೊನೆಯಲ್ಲಿ ಬರುವ ಕಲಾವಿದರ ಹೆಸರುಗಳು, ಇಷ್ಟನ್ನೇ ಕತ್ತರಿಸಿ ಇಂಟರ್‌ನೆಟ್ಟಿಗೆ ಏರಿಸುವುದು. ಇಂಥ ಹುಚ್ಚಿನ ಬಳಗದವರೆಲ್ಲ ಮಾಡುವುದು ಹಾಗೇ. ನಡುವಿನ ಕಾರ್ಯಕ್ರಮ ಯಾರ ಹತ್ತಿರವಾದರೂ ಇದ್ದೇ ಇರುತ್ತದೆಂದು ಎಲ್ಲರ ನಂಬಿಕೆ. ಏರಿಸಿದ ಮೇಲೆ ಕ್ಯಾಸೆಟ್ಟು ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ. ಸಸ್ಕಟೂನ್ ನಗರದಲ್ಲಿ ಶಾಲಾ ಬಸ್ಸು ರಿಪೇರಿ ಮಾಡಿ ನಿವೃತ್ತನಾದವನಿಗೆ ಇದಕ್ಕಿಂತ ಘನಂದಾರಿ ಕೆಲಸ ಇನ್ನೇನಿತ್ತು!

ಡಾರ್ಲೀನ್ ಡೂಡಾರ್ ಎಂಬಾಕೆ ಫೋನ್ ಮಾಡಿದ ದಿನ ಮಾತ್ರ ತನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎನಿಸಿತು.

"ನನ್ನ ತಮ್ಮ ಮೈರನ್‌ಗೆ ಮೂವತ್ತೆಂಟು. ಮಾತು ಕಮ್ಮಿ. ನಾಲ್ಕು ವರ್ಷದವನಿದ್ದಾಗಿಂದ 'ಪೆನ್ನಿ ಅಕ್ಕನ ಹಿತ್ತಲು' ಹಾಕಿದ್ರೇನೇ ಬೆಳಿಗ್ಗೆ ತಿಂಡಿ ತಿನ್ನೋದು. ಆ ಹಾಳು ಮಷೀನು ಕ್ಯಾಸೆಟ್ಟನ್ನ ಜಗಿದು ಹಾಕ್ತು. ಮೂರು ದಿನ ಆಯ್ತು, ತಟ್ಟೆ ಕಡೆ ತಿರುಗೂ ನೋಡಿಲ್ಲ. ನಿಮ್ಮ ಹತ್ರ ಪೂರ್ತಿ ಇದ್ಯಾ?"

ಇರಲಿಲ್ಲ. ಇಂಟರ್‌ನೆಟ್ ಜಾಲಾಡಿದ. ಅವನೂ ಸೇರಿ ಎಂಟು ಜನ ಅದನ್ನು ಏರಿಸಿದ್ದರು. ಎಂಟೂ ಬರೀ ತಲೆ, ಬಾಲ!

"ಥೂ, ನಾವೆಂಥ ಪೆದ್ದುಗಳು! ಹಾಳಾಗಿರೋದನ್ನೇ ತನ್ನಿ ತಾಯಿ. ಮೈರನ್ನೂ ಬರ್ಲಿ," ಎಂದ.

ಮರುದಿನ ಅಕ್ಕ ತಮ್ಮ ಬಂದರು. ಕ್ಯಾಸೆಟ್ಟು ಬ್ರೆಡ್ಡಿನ ಚೀಲದಲ್ಲಿತ್ತು. ಓರೆಸ್ಟ್ ಸ್ಕ್ರೂ ಬಿಚ್ಚಿ, ನಜ್ಜುಗುಜ್ಜಾದ ತುಂಡನ್ನು ಕತ್ತರಿಸಿ, ಎರಡು ತುದಿಗಳನ್ನು ಅಂಟಿಸಿ ಕಂಪ್ಯೂಟರಿಗೆ ಇಳಿಸಿದ. ಕತ್ತರಿಸಿದ್ದು ಗೊತ್ತೇ ಆಗದಂತೆ ಕೂಡಿಸಿದೆನೆಂದು ಒಳಗೊಳಗೇ ಬೀಗಿದ. ಡಾರ್ಲೀನ್ ಓಟ್ಸ್ ಗಂಜಿಯ ಬಟ್ಟಲನ್ನು ತಮ್ಮನ ಮುಂದಿಟ್ಟಳು.

ಪರದೆಯ ಮೇಲೆ ಪೆನ್ನಿ ಅಕ್ಕ ಬಂದಳು. ಮೈರನ್ ಚಮಚ ಎತ್ತಿದ. ಓರೆಸ್ಟ್‌ಗೆ ಹೋದ ಜೀವ ಬಂದಂತಾಯಿತು. ಆದರೆ ಬೊಂಬೆಕೋಳಿ ಬೇಲಿ ಹತ್ತಿ, ಮರುಕ್ಷಣವೇ ನೆಲದ ಮೇಲಿದ್ದದ್ದೇ ತಡ, ಮೈರನ್ ಚಮಚ ಕುಕ್ಕಿ ಎದ್ದ.

"ಕೋಳಿ ಮಾತು ಎಲ್ಲಿ?"

"ಅದು ಹೋಯ್ತಪ್ಪ, ಸ್ವಲ್ಪವೇ..." ಎಂದ ಓರೆಸ್ಟ್.

"ಮುಚ್ಚಿಟ್ಟಿದೀಯ."

"ಮೈರನ್! ದೊಡ್ಡವರಿಗೆ ಹಾಗನ್ಬಾರ್ದು ಕಣೋ," ಎಂದಳು ಅಕ್ಕ.

"ಅನ್ಲಿ ಬಿಡಿ, ಅವನು ಹೇಳಿದ್ದು ನಿಜಾನೇ, ಕತ್ತರಿಸಿದ್ದು ಕಾಣದ ಹಾಗೆ ಮುಚ್ಚಿಟ್ಟೆ," ಎಂದ ಓರೆಸ್ಟ್. ಅವನಿಗೆ ನಿಜಕ್ಕೂ ನಾಚಿಕೆಯಾಗಿತ್ತು. "ಕೋಳಿ ಎಷ್ಟು ಹೊತ್ತು ಮಾತಾಡ್ತಿತ್ತು? ನೀನೇ ಹೇಳು."

ಮೈರನ್ ಕಣ್ಣು ಮುಚ್ಚಿ, ಕೀಚಲು ದನಿಯಲ್ಲಿ ಶುರು ಮಾಡಿದ. "ಪೆನ್ನಿ ಅಕ್ಕಾ, ಇಲ್ಲಿಂದ ಎಲ್ಲಾ ಕಾಣ್ಸುತ್ತೆ! ನಿಮ್ಮನೆ, ನಮ್ಮನೆ, ಪಕ್ಕದ್ಮನೆ ನಾಯಿ! ಇಳಿಯೋದು ಹೆಂಗೆ ಅಂತ ಮಾತ್ರ ಗೊತ್ತಿಲ್ಲ. ಸ್ವಲ್ಪ ಹಿಡ್ಕೋತೀಯಾ?"

ಓರೆಸ್ಟ್ ಗಡಿಯಾರ ನೋಡಿದ: ಹನ್ನೊಂದು ಸೆಕೆಂಡು. ತುಂಡು ಹೋದ ಜಾಗಕ್ಕೆ ಅಷ್ಟೇ ಉದ್ದದ ಕಪ್ಪು ಪರದೆ ಸೇರಿಸಿ, ಮತ್ತೆ ಹಾಕಿದ.

ಕೋಳಿ ಬೇಲಿ ಹತ್ತಿತು. ಪರದೆ ಕಪ್ಪಾಯಿತು. ಮೈರನ್ ಕೋಳಿಯ ಮಾತನ್ನು ಒಂದಕ್ಷರ ಬಿಡದೆ ಆಡಿದ. ಮುಗಿಸುವುದಕ್ಕೂ ಚಿತ್ರ ಬರುವುದಕ್ಕೂ ಸರಿಹೋಯಿತು. ಆಮೇಲೆ ಕೂತು ಗಂಜಿ ತಿಂದ.

ಡಾರ್ಲೀನ್ ಗಳಗಳನೆ ಅತ್ತಳು. "ಇವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ನಾನು ಕೇಳೇ ಇರ್ಲಿಲ್ಲ."

"ಮೈರನ್, ಇದನ್ನ ಎಲ್ರಿಗೂ ಕಾಣೋ ಹಾಗೆ ಹಾಕ್ಲಾ? ಕಪ್ಪಿರೋ ಕಡೆ ನಿನ್ನ ದನಿ ಇರುತ್ತೆ," ಎಂದ ಓರೆಸ್ಟ್.

ಮೈರನ್ ಬಟ್ಟಲ ತಳ ಕೆರೆಯುತ್ತ ಯೋಚಿಸಿದ.

"ಪೂರ್ತಿ ಹಾಕು," ಎಂದ.