ಜಾರದ ಗುಂಡು

"ಏಳೇ ಬತ್ತದೆ ಮಿಸ್," ಎಂದಳು ರಂಜಿತ.

ಓರೆಯಾಗಿ ನಿಲ್ಲಿಸಿದ ಹಲಗೆಯ ಕೆಳತುದಿಯಲ್ಲಿ ಕಬ್ಬಿಣದ ಗುಂಡು ಇನ್ನೂ ಅಲುಗುತ್ತಿತ್ತು. ಅದು ಇಳಿದುಬಂದ ಹೊತ್ತನ್ನು ಅಳೆದು ಸೂತ್ರಕ್ಕೆ ಹಾಕಿದರೆ ಭೂಮಿಯ ಸೆಳೆತ ಒಂಬತ್ತು ಪಾಯಿಂಟ್ ಎಂಟು ಬರಬೇಕು. ಮಿಕ್ಕವರೆಲ್ಲ ಹಾಗೇ ಬರೆದುಕೊಟ್ಟು ಬಸ್ಸು ಹಿಡಿದಿದ್ದರು.

"ಎಲ್ಲರಿಗೂ ಬಂದದ್ದು ನಿನಗ್ಯಾಕೆ ಬರಲ್ಲ?"

"ಅವ್ರು ಉತ್ತರ ನೋಡ್ಕಂಡು ಬರುದ್ರು ಮಿಸ್. ನಾನು ಗುಂಡು ಬುಟ್ಟು ನೋಡ್ದೆ."

"ಸೂತ್ರ ತಪ್ಪಲ್ಲ. ನಿನ್ನ ಕೈ ನೆಟ್ಟಗಿಲ್ಲ. ಮತ್ತೆ ಮಾಡು," ಎಂದಳು ಸರೋಜ.

ಸರೋಜ ಗಣಿತದವಳು. ಭೌತಶಾಸ್ತ್ರದ ಉಪನ್ಯಾಸಕರು ವರ್ಗವಾಗಿ ಹೋದಾಗ ಪ್ರಿನ್ಸಿಪಾಲ್ ಮರಿಸ್ವಾಮಿಯವರು, "ಎರಡೂ ಒಂದೇ ಕಣಮ್ಮ. ಅಲ್ಲೂ ಸೂತ್ರ, ಇಲ್ಲೂ ಸೂತ್ರ," ಎಂದು ಅದನ್ನೂ ಅವಳಿಗೇ ವಹಿಸಿದ್ದರು. ಒಲ್ಲೆನೆಂದರೆ ನಾಗಮಂಗಲದಾಚೆಗೆ ವರ್ಗ. ಗಂಡ ದೊರೆಸ್ವಾಮಿ ದೇವಸ್ಥಾನದ ಪೂಜೆ ಬಿಟ್ಟು ಶ್ರೀರಂಗಪಟ್ಟಣದಿಂದ ಕದಲುವವನಲ್ಲ. ಅತ್ತೆ ಹಾಸಿಗೆ ಹಿಡಿದಿದ್ದರು. ಅಂದಿನಿಂದ ಪ್ರಯೋಗಾಲಯದ ಬೀಗ ತೆಗೆಯುವಾಗಲೆಲ್ಲ, ಇವತ್ತು ಯಾರು ಏನು ಕೇಳಿಬಿಡುತ್ತಾರೋ ಎಂದು ಅವಳು ಆ ದಿನದ ಪುಟವನ್ನು ಇನ್ನೊಮ್ಮೆ ತಿರುವಿ ನೋಡುತ್ತಿದ್ದಳು.

ರಂಜಿತಳಿಗೆ ಅರಕೆರೆಯ ಬಸ್ಸು ತಪ್ಪಿತು. ಮಗಳನ್ನು ಹುಡುಕಿಕೊಂಡು ಕೆಂಪಣ್ಣ ಟಿವಿಎಸ್‌ನಲ್ಲಿ ಬಂದ. ವಿಷಯ ಕೇಳಿ ಬಾಗಿಲಲ್ಲೇ ನಿಂತ.

"ಕೈ ನೆಟ್ಟಗಿಲ್ಲ ಅಂದ್ಮೇಲೆ ಈ ಸೈನ್ಸ್ ಯಾಕ್ ಮೇಡಮ್? ಆರ್ಟ್ಸಿಗೆ ಹಾಕ್ಬುಡಿ. ಅಲ್ಲಾರ ಪಾಸಾಯ್ತಳೆ."

ರಂಜಿತ ಸರೋಜಳ ಮುಖ ನೋಡಿದಳು. ಸರೋಜ ಸುಮ್ಮನೆ ಮೇಜಿನ ಮೇಲಿದ್ದುದನ್ನೆಲ್ಲ ಜೋಡಿಸತೊಡಗಿದಳು.

ಆ ನೋಟ ಅವಳನ್ನು ಬಿಡಲಿಲ್ಲ. ವಾರದ ಕೊನೆಯಲ್ಲಿ, ಎಲ್ಲರೂ ಊಟಕ್ಕೆ ಹೋದಾಗ, ಒಳಗಿನಿಂದ ಚಿಲಕ ಹಾಕಿಕೊಂಡು ತಾನೇ ಗುಂಡು ಬಿಟ್ಟಳು. ಏಳು ಬಂತು. ಹಲಗೆ ಒರೆಸಿ ಮತ್ತೆ ಬಿಟ್ಟಳು. ಏಳು. ಅವಳ ಕೈಗೆ ಹತ್ತಿದ್ದ ಸೀಮೆಸುಣ್ಣ ಗುಂಡಿಗೂ ಮೆತ್ತಿತ್ತು. ಮುಂದಿನ ಸಲ ಆ ಬಿಳಿ ಮಚ್ಚೆ ಮೇಲೆ, ಕೆಳಗೆ, ಮೇಲೆ ಎಂದು ತಿರುಗುತ್ತ ಇಳಿಯಿತು.

ಸೂತ್ರ ಜಾರುವ ವಸ್ತುವಿಗೆ. ಇದು ಜಾರುತ್ತಿರಲಿಲ್ಲ, ಉರುಳುತ್ತಿತ್ತು. ಭೂಮಿ ಕೊಟ್ಟ ಶಕ್ತಿಯಲ್ಲಿ ಒಂದು ಪಾಲು ಅದು ತನ್ನ ಸುತ್ತ ತಾನು ತಿರುಗುವುದಕ್ಕೇ ಖರ್ಚಾಗುತ್ತಿತ್ತು. ಆ ಪಾಲೆಷ್ಟೆಂದು ಹೇಳುವ, ಗೋಳದ ಅನುಕಲನವನ್ನು ಅವಳು ವರ್ಷ ವರ್ಷವೂ ಬೋರ್ಡಿನ ಮೇಲೆ ಬಿಡಿಸಿ ಅಳಿಸಿದ್ದಳು. ಅದು ಯಾವುದಾದರೂ ಗುಂಡಿನದೆಂದು ಎಂದೂ ಅನ್ನಿಸಿರಲಿಲ್ಲ. ಈಗ ಅದನ್ನು ಸೇರಿಸಿ ಲೆಕ್ಕ ಹಾಕಿದಳು. ರಂಜಿತಳ ಏಳು ಒಂಬತ್ತು ಪಾಯಿಂಟ್ ಎಂಟಾಯಿತು.

ಒಂದು ಗಳಿಗೆ ಖುಷಿಯಾಯಿತು. ಆಮೇಲೆ ಭಯ. ಗಣಿತದಲ್ಲಿ ತಾನು ಇಟ್ಟದ್ದು ಮಾತ್ರ ಇರುತ್ತಿತ್ತು. ಇಲ್ಲಿ ಗಾಳಿಯಿತ್ತು, ಹಲಗೆಯ ಡೊಂಕಿತ್ತು, ತನಗೆ ಹೆಸರೇ ಗೊತ್ತಿಲ್ಲದ ಇನ್ನೆಷ್ಟೋ ಇದ್ದವು. ಇಷ್ಟು ದಿನ ಯಾರಿಗೆ ಏನೇನು ತಪ್ಪೆಂದು ಹೇಳಿದ್ದಳೋ.

ಆಗಲೇ ಆರ್ಟ್ಸಿಗೆ ಸೇರಿಬಿಟ್ಟಿದ್ದ ರಂಜಿತಳನ್ನು ಹಿಸ್ಟರಿ ಕ್ಲಾಸಿನಿಂದ ಕರೆಸಿ ಜಗಲಿಯಲ್ಲಿ ನಿಲ್ಲಿಸಿ ಎಲ್ಲ ಹೇಳಿದಳು. "ತಪ್ಪು ನನ್ನದು. ಈಗಲೇ ಬಂದು ನಿಮ್ಮಪ್ಪನ ಹತ್ರ ಮಾತಾಡ್ತೀನಿ."

"ಬ್ಯಾಡಿ ಮಿಸ್."

"ಯಾಕೆ?"

"ಮೇಡಮ್ನೋರೇ ಸುಮ್ನಿದ್ರು, ನೀನೇನ್ ಹೇಳೀಯೆ ಅಂದ್ರು ನಮ್ಮಪ್ಪ. ಈಗ ನೀವು ಹೋಗಿ ಇಂಗಂದ್ರೆ, ಯಾವ ಮಾತ ನಂಬನ ಅಂತ ಓದೇ ಬುಡುಸ್ಬುಟ್ಟಾರು." ಒಳಗೆ ಹೋಗಲು ತಿರುಗಿದವಳು ಕೇಳಿದಳು: "ಆ ಗುಂಡು ಟೊಳ್ಳಾಗಿದ್ರೆ ಏಳೇ ಬತ್ತಿತ್ತಾ ಮಿಸ್?"

"ಇಲ್ಲ. ಇನ್ನೂ ಕಡಿಮೆ," ಎಂದಳು ಸರೋಜ.

ಹುಡುಗಿ ತಲೆಯಾಡಿಸಿ ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು.

ಗಂಟೆ ಹೊಡೆಯಿತು. ಸರೋಜ ತನ್ನ ಕ್ಲಾಸಿಗೆ ಹೋದಳು. ಎಲ್ಲರೂ ಎದ್ದು ನಿಂತರು, ಕೂತರು, ಪೆನ್ನು ತೆಗೆದರು. ಯಾವ ಸೂತ್ರ ಬರೆಯಲೂ ಅವಳು ಬೋರ್ಡಿನತ್ತ ತಿರುಗಲಿಲ್ಲ. ಮುಂದಿನ ಬೆಂಚಿನವಳೊಬ್ಬಳು ಕಾದು ಕಾದು, ಬರೆಯಲು ಹಿಡಿದ ಪೆನ್ನಿಗೆ ಮೆಲ್ಲನೆ ಕ್ಯಾಪು ಹಾಕಿದಳು.