ಒಂದು ಲಕ್ಷಕ್ಕೆ ಏನು ದರ

ಪರ್ರ್ ಎಂದು ಯಾರೋ ಟೇಪು ಎಳೆದರು, ಶೆನ್‌ಝೆನ್‌ನ ಈ ಚಿಪ್ ಮಾರುಕಟ್ಟೆಯಲ್ಲಿ ದಿನವಿಡೀ ಪೆಟ್ಟಿಗೆ ಕಟ್ಟುವ ಇದೇ ಸದ್ದು, ಇವತ್ತು ಮಾತ್ರ ಬೀಶಿಯಾಳಿಗೆ ತನ್ನ ಚರ್ಮವನ್ನೇ ಸುಲಿದಂತೆ — ಎದುರು ಮಳಿಗೆಯ ಚಹಾ ತಟ್ಟೆಯ ಮುಂದೆ ಗಂಡ ಮೂಶೆಂಗ್ ನಗುತ್ತಿದ್ದಾನೆ, ಮೂರು ಪುಟ್ಟ ಬಟ್ಟಲು, ಎಷ್ಟು ಜನ ಕೂತರೂ ಮೂರೇ, ಅವನ ಊರಿನ ಕ್ರಮ, ಮೂರನೆಯದು ಸದಾ ಇನ್ನೊಬ್ಬ ಅತಿಥಿಗೆ, ನೀರು ಕಾಯಿಸಿದವಳಿಗಲ್ಲ. ನಗು, ನಗು. ಬೆಳಿಗ್ಗೆ ಅವನಿಗೆ ಬಡಕೊಂಡಿದ್ದಳು, ಚಿಪ್ಪು ಕೊಳ್ಳುವಾಗ ಒಂದೊಂದು ಕಡೆ ಐದೈದು ಸಾವಿರ ಕೇಳು, ಲಕ್ಷ ಅಂತ ಬಾಯಿ ಬಿಡಬೇಡ. ಕಿವಿಯಂತ್ರ ಮಾಡುವ ಚ್ಯೂ ಅಕ್ಕನಿಗೆ ಅವಳು ದರ ಕೊಟ್ಟಾಗಿತ್ತು, ಬಿಡಿಯಾಗಿ ಕೊಂಡರೆ ಚಿಪ್ಪಿಗೆ ಮೂರು ಯುವಾನ್, ಒಟ್ಟಿಗೆ ಲಕ್ಷ ಕೊಂಡರೆ ಎರಡು, ಸಂಜೆಯವರೆಗೆ ಆ ಮಾತು ಮಾತೇ, ಅಷ್ಟರಲ್ಲಿ ಮಳಿಗೆ ಮಳಿಗೆಯಿಂದ ಎರಡರೊಳಗೆ ಚಿಪ್ಪು ಕೊಂಡು ಕೂಡಿಸಬೇಕು, ಈ ಮಳಿಗೆ ಉಸಿರಾಡುವುದೇ ಚ್ಯೂಳ ಆರ್ಡರಿನಿಂದ — ಆದರೆ ಇವನು, ಐದು ಸಾವಿರ ಅಂದ್ರೆ ಯಾರೇ ಮರ್ಯಾದೆ ಕೊಡ್ತಾರೆ, ಲಕ್ಷ ಬೇಕು ಅಂದೆ ನೋಡು, ಎದ್ದು ಕುರ್ಚಿ ಕೊಟ್ರು! ಕುರ್ಚಿ ಕೊಟ್ಟವರು ಹತ್ತು ಕಡೆ ಕೇಳಿದರು, ಆ ಹತ್ತೂ ಕಡೆಯವರು ಇನ್ನೆಲ್ಲೋ, ಮಧ್ಯಾಹ್ನಕ್ಕೆ ದರ ಮೂರೂವರೆ, ಈಗ ಫೋನಿನಲ್ಲಿ ನಾಲ್ಕನೇ ಮಹಡಿಯ ಅಖಾಯ್, ಅತ್ತಿಗೆ, ಆ ಚಿಪ್ಪು ಲಕ್ಷ ಇದ್ಯಾ, ದೊಡ್ಡ ಗಿರಾಕಿ ಸಿಕ್ಕಿದಾನೆ, ಭಾರಿ ಅರ್ಜೆಂಟು. ಗಿರಾಕಿಯಂತೆ! ತನ್ನದೇ ಪ್ರಶ್ನೆ ಊರೆಲ್ಲ ಅಲೆದು ಕೊಬ್ಬಿ ತನ್ನ ಬಾಗಿಲಿಗೇ ಬಂದು ನಿಂತಿದೆ. ಎದುರಿನಿಂದ ಮೂಶೆಂಗ್, ಹೋಗ್ಲಿ ಬಿಡೇ, ಮಾರ್ಕೆಟ್ ಏರ್ತು ಅಂತ ಚ್ಯೂಗೆ ನೀನೇ ಹೇಳು, ಹೆಂಗಸ್ರು ಹೇಳಿದ್ರೆ ಬೈಯಲ್ಲ — ಮದುವೆ ಮಾತಿನ ದಿನ ಅವನ ತಾಯಿಯೂ ಹೀಗೇ ಅಲ್ಲವೇ, ಇಂಥದೇ ತಟ್ಟೆಯ ಮುಂದೆ, ದೊಡ್ಡವಳನ್ನ ದೊಡ್ಡವನಿಗೆ ಚಿಕ್ಕವಳನ್ನ ಚಿಕ್ಕವನಿಗೆ ಕೊಡಿ, ಇಬ್ಬರಿಗೂ ಸೇರಿಸಿ ಒಂದು ದರ ಹೇಳಿ ಬೀಗರೇ, ಸಗಟು ದರ, ಅಪ್ಪ ನಕ್ಕ, ಇವನೂ ನಕ್ಕ, ಬಾಗಿಲ ಹಿಂದೆ ಅಕ್ಕ ತಂಗಿ ನೀರು ಕಾಯಿಸುತ್ತಿದ್ದರು, ಮೂರು ಬಟ್ಟಲು, ಕುಡಿದವರು ದರ ಮಾತಾಡಿದವರೇ.

ಕಾಲು ಎದ್ದಿವೆ, ಅವಳಲ್ಲ, ಕಾಲೇ ಎದ್ದು ಹೋಗುತ್ತಿವೆ, ಚ್ಯೂಗೆ ಕೊಟ್ಟ ಮಾತು ನನ್ನದು, ಇವನ ಮರ್ಯಾದೆಯಲ್ಲ — ತಟ್ಟೆಯ ಮುಂದೆ ಕೂತಳು, ಅಲ್ಲಿ ಅವಳೆಂದೂ ಕೂತವಳಲ್ಲ, ಗಟ್ಟಿಯಾಗಿ ಅಂದಳು, ನಮ್ಮ ಗಿರಾಕಿ ಆರ್ಡರ್ ಕೈಬಿಟ್ಟಳು ಕಣ್ರಪ್ಪ, ಲಕ್ಷ ಚಿಪ್ಪು ನನ್ ಹತ್ರಾನೇ ಬಿದ್ದಿದೆ, ಒಂದು ಪಾಯಿಂಟ್ ಎಂಟು ಯುವಾನ್‌ಗೆ ಬೇಕಾ ಯಾರಿಗಾದ್ರೂ? ಸುಳ್ಳು, ಎರಡೂ ಸುಳ್ಳು, ಜೀವನದಲ್ಲಿ ಮೊದಲ ಸುಳ್ಳು ದರ, ಬೇಕು ಅನ್ನಲು ಯಾರಿದ್ದಾರೆ, ಇಡೀ ಮಾರುಕಟ್ಟೆಯಲ್ಲಿ ಕೊಳ್ಳುವವಳು ತಾನೊಬ್ಬಳೇ — ನಗು ನಿಂತಿದೆ, ಕೈಗಳೆಲ್ಲ ಫೋನಿಗೆ ಹೋಗಿವೆ, ದರ ಏರಲೆಂದು ಚಿಪ್ಪು ಬಚ್ಚಿಟ್ಟುಕೊಂಡವರು ಸಂಜೆಗೆ ತಾವಾಗಿಯೇ ಬರುತ್ತಾರೆ, ತಗೋ ಅತ್ತಿಗೆ, ಎರಡರ ಒಳಗೇ ತಗೋ, ಬರಲಿ. ಏನೇ ಇದು ಅನ್ನುತ್ತಿದೆ ಮೂಶೆಂಗನ ಕಣ್ಣು, ಅನ್ನಲಿ, ಅತಿಥಿಯ ಕಡೆಗೆ ಚಾಚಿದ ಅವನ ಕೈ ಗಾಳಿಯಲ್ಲೇ ನಿಂತಿದೆ, ಅದರಲ್ಲಿ ಹಬೆಯಾಡುವ ಬಟ್ಟಲು, ತೆಗೆದುಕೊಂಡಳು, ಬೆರಳು ಸುಡುತ್ತಿದೆ, ಬಿಡುವುದಿಲ್ಲ, ಮೂರನೆಯದು, ಮೂರನೆಯ ಬಟ್ಟಲು.