ಫಕ್ರುದ್ದೀನ ಸಾಹೇಬರ ಇದ್ದಿಲ ಚೀಲ

ಬ್ಯಾಡಗಿಯ ಫಕ್ರುದ್ದೀನ ಸಾಹೇಬರು ಯಾರ ಕೈಯನ್ನೂ ಕುಲುಕುವುದಿಲ್ಲ. ಎದುರಿಗೆ ಬಂದವರು ಎಂಥ ದೊಡ್ಡವರೇ ಆಗಿರಲಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕತ್ತನ್ನಷ್ಟೇ ಬಾಗಿಸಿ ಸಲಾಮು ಹೇಳುತ್ತಾರೆ. ಇದನ್ನು ಗರ್ವವೆಂದು ತಿಳಿದವರು ಪೇಟೆಯಲ್ಲಿ ಕಡಿಮೆಯೇನಿಲ್ಲ. ಆದರೆ ಹರೆಯದಿಂದಲೂ ಮೆಣಸಿನಕಾಯಿ ದಲಾಲಿ ಮಾಡಿದ ಆ ಕೈಗಳಲ್ಲಿ ಖಾರ ಚರ್ಮದೊಳಕ್ಕೇ ಇಳಿದಿದೆ. ಅದು ಇನ್ನೊಬ್ಬರ ಕಣ್ಣಿಗೆ ಹತ್ತೀತೆಂಬ ಅಂಜಿಕೆ ಅವರದು. ಸಂಜೆ ಮನೆಗೆ ಬಂದರೆ ಪೇಟೆಯ ಕೋಟು ಹೊರಗಿನ ಮೊಳೆಗೆ. ಕೈಗಳಿಗೆ ಮೊದಲು ಎಣ್ಣೆ, ಆಮೇಲೆ ಸಾಬೂನು, ಮೊಣಕೈವರೆಗೆ ತಿಕ್ಕಾಟ. ಅದು ಮುಗಿದ ಮೇಲೆಯೇ ಒಳಗೆ ಹೆಜ್ಜೆ.

ಒಳಗೆ ಗಾಜಿನ ಪುಟ್ಟ ತೊಟ್ಟಿಯೊಂದಿದೆ. ಹೆಂಡತಿ ಜರೀನಾ ಭಟ್ಕಳದ ಕಡಲ ದಂಡೆಯ ಮಗಳು. ಅವಳಿಗಾಗಿ ಸಮುದ್ರವನ್ನೇ ಬ್ಯಾಡಗಿಗೆ ತರಲು ಹೊರಟ ಸಾಹೇಬರಿಗೆ ಕೊನೆಗೆ ತರಲಾದದ್ದು ಇಷ್ಟು: ಉಪ್ಪುನೀರು, ಮರಳು, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು. ಆ ನೀರಿಗೆ ಕಾವಲು ಇದ್ದಿಲು. ಇಸ್ತ್ರಿ ಪೆಟ್ಟಿಗೆಯ ಇದ್ದಿಲಲ್ಲ. ನೀರಿನ ಬಣ್ಣವನ್ನೂ ವಾಸನೆಯನ್ನೂ ಕಲ್ಮಶವನ್ನೂ ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಹಿಡಿದಿಡುವ, ಅದಕ್ಕೆಂದೇ ತಯಾರಿಸಿದ ಆ್ಯಕ್ಟಿವೇಟೆಡ್ ಕಾರ್ಬನ್. ಜರೀನಾ ಹೊಲಿದ ಜಾಳು ಬಟ್ಟೆಯ ಚೀಲದಲ್ಲಿ ಅದನ್ನು ತುಂಬಿ, ಕರಿನೀರು ತಿಳಿಯಾಗುವತನಕ ತೊಳೆದು, ಫಿಲ್ಟರಿನೊಳಗೆ ಇಡುತ್ತಾರೆ. ತೊಟ್ಟಿಯ ಹಿಂದೆ ಚಹದ ಬಿಳಿ ಬಸಿ ಹಿಡಿದು ನೋಡುತ್ತಾರೆ. ಬಸಿ ಕೊಂಚ ಹಳದಿಯಾಗಿ ಕಂಡರೂ ಹಳೆಯ ಇದ್ದಿಲಿನ ಶಕ್ತಿ ತೀರಿತೆಂದು ಹೊಸದು ಹಾಕುತ್ತಾರೆ. “ಇದು ಇರೋತನಕ ಒಳಗ ವಿಷ ನಿಲ್ಲೂದಿಲ್ರಿ” ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಮನೆಯ ಸುದ್ದಿಗೂ ಅವರದು ಇದೇ ಏರ್ಪಾಡು. ಸಾವು, ಜಡ್ಡು, ಜಗಳ ಏನೇ ಇದ್ದರೂ ಫೋನು ಮೊದಲು ತಮಗೇ ಬರಬೇಕೆಂದು ಜರೀನಾಳ ತವರಿಗೂ ತಾಕೀತು. ಅವಳ ಚಿಕ್ಕಪ್ಪ ತೀರಿಕೊಂಡದ್ದನ್ನು ಮಣ್ಣಾದ ಮೇಲೆ ತಿಳಿಸಿದಾಗ ಆಕೆ ಬಹಳ ದಿನ ಮಾತು ಬಿಟ್ಟಿದ್ದಳು. “ನೀ ಅಳೂದು ನನಗ ನೋಡಾಕ ಆಗೂದಿಲ್ಲ” ಎನ್ನುವುದಷ್ಟೇ ಸಾಹೇಬರ ಸಮಜಾಯಿಷಿ. ಮಹಾ ಮೊಂಡ ಮನುಷ್ಯ.

ಈ ಸಲದ ಮೆಣಸಿನ ಸುಗ್ಗಿಯಲ್ಲಿ ಮೀನುಗಳ ಮೈಮೇಲೆ ಬಿಳಿ ಚುಕ್ಕೆಗಳೆದ್ದವು. ಗಂಡ ಹೆಂಡತಿ ಇಬ್ಬರೂ ರಾಣೆಬೆನ್ನೂರಿಗೆ ಹೋಗಿ, ಮೀನಿನ ಅಂಗಡಿಯ ಮೈಲೇಶನಿಂದ ಔಷಧ ತಂದರು. “ಮೊದ್ಲ ಆ ಇದ್ದಲಿ ಚೀಲಾ ತಗದಿಡ್ರಿ ಸಾಹೇಬ್ರ, ಇಲ್ಲಾಂದ್ರ ಔಷಧಾ ಎಲ್ಲಾ ಅದ ಹೀರಿ ಬಿಡತೈತಿ” ಎಂದಿದ್ದ ಅವನು. ಸಾಹೇಬರು ತಲೆಯಾಡಿಸಿದರು. ಮನೆಗೆ ಬಂದು ಸೀಸೆಯ ಮುಚ್ಚಳ ತೆರೆದಾಗ ಮೂಗಿಗೆ ಅಡರಿದ ಘಾಟಿಗೆ ಅವರ ಧೈರ್ಯವೇ ಉಡುಗಿತು. ಔಷಧ ಹಾಕಿದರು, ಚೀಲ ಮಾತ್ರ ತೆಗೆಯಲಿಲ್ಲ. ಸಾಲದ್ದಕ್ಕೆ ಹೊಸ ಇದ್ದಿಲು ತುಂಬಿದರು.

ಕೆಲ ದಿನಗಳಲ್ಲಿ ದೊಡ್ಡ ಮೀನು ಸತ್ತಿತು. ಜರೀನಾ ಸಂಶಯಪಟ್ಟು ಫಿಲ್ಟರ್ ತೆರೆದಳು. ಚೀಲವನ್ನು ಕೈಯಲ್ಲಿ ಹಿಡಿದು, ಗಂಡನ ಮುಂದೆಯೇ ಕಣ್ಣೀರು ಸುರಿಸುತ್ತ ಕೇಳಿದಳು: “ವಿಷ ಯಾವ್ದು, ಔಷಧ ಯಾವ್ದು ಅಂತ ಈ ಇದ್ದಲಿಗೆ ಹೆಂಗ ಗೊತ್ತಾಗಬೇಕ್ರಿ?”

ಸಾಹೇಬರು ಅವಳ ಕೈಯಿಂದ ಚೀಲ ತೆಗೆದುಕೊಂಡರು. ಅದನ್ನು ಹೊರಗಿಟ್ಟು ಬಂದು, ಮೈಲೇಶ ಹೇಳಿದಷ್ಟು ಔಷಧವನ್ನು ಮತ್ತೆ ಹಾಕಿದರು. ಆಮೇಲೆ ಒದ್ದೆ ಕೈಯಲ್ಲೇ ನಿಂತು, “ಜರೀನಾ, ನಿನ್ನ ಅಮ್ಮಿಗೆ ಆರಾಮಿಲ್ಲ” ಎಂದರು. “ಆಸ್ಪತ್ರ್ಯಾಗ ಇಟ್ಟಾರಂತ. ಮೊನ್ನೆನ ಫೋನ್ ಬಂದಿತ್ತು. ನಿನ್ನ ಹೆಸರು ಹಿಡದು ಕರ್ಯಾಕತ್ಯಾಳಂತ.”

ಅವಳು ಬೈಯಲೂ ಇಲ್ಲ; ಬುರಖಾ ತೊಟ್ಟು ಹೊರಟೇಬಿಟ್ಟಳು. ಸಾಹೇಬರು ಬಟ್ಟೆಬರೆಯ ಚೀಲ ಹೊತ್ತು ಬಸ್ ಸ್ಟ್ಯಾಂಡಿನವರೆಗೂ ಅವಳ ಹಿಂದೆ ಹಿಂದೆಯೇ ನಡೆದರು, ಭಟ್ಕಳದವರೆಗೂ ಜೊತೆಗಿದ್ದರು. ಅಮ್ಮಿ ಮಗಳ ಕೈಯಿಂದ ಗಂಜಿ ಕುಡಿದಳು. ಎರಡು ದಿನ ಮಾತೂ ಆಡಿದಳು. ಆಮೇಲೆ ತೀರಿಕೊಂಡಳು.

ಇಂಥವರು ಎಲ್ಲ ಊರಲ್ಲೂ ಇದ್ದಾರೆ. ತಾವು ಪ್ರೀತಿಸಿದವರ ಸುತ್ತಲಿನ ನೀರನ್ನು ತಿಳಿಯಾಗಿಡುವುದಕ್ಕೆ ಜೀವಮಾನವಿಡೀ ಕೈ ತೊಳೆಯುತ್ತಲೇ ಇರುತ್ತಾರೆ. ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಆದರೆ ಅವರ ಮನೆಯವರಿಗೆ ಒಮ್ಮೆಯಾದರೂ ಬರಬೇಕು. ಅದೂ ವೇಳೆ ಮೀರುವುದರೊಳಗೆ.